ಸದ್ದಿಲ್ಲದ ಮದ್ದಳೆ

ವಾದ್ಯಗಳಲ್ಲಿ ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯುಂಟೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿದ ನಾನು, ಅರುವತ್ತು ದಾಟಿದ ಮೇಲೆ, ಈ ನಾಲ್ಕರಲ್ಲಿ ಯಾವುದಕ್ಕೂ ನೆಟ್ಟಗೆ ಸೇರದ ವಾದ್ಯವೊಂದನ್ನು ಕೊಳ್ಳಬೇಕಾದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅದಕ್ಕೆ ಚರ್ಮವಿಲ್ಲ, ಕಂಚಿಲ್ಲ, ಪೊಳ್ಳಾದ ಒಡಲೂ ಇಲ್ಲ. ಬಾರಿಸಿದರೆ ಪಕ್ಕದವನಿಗೆ 'ಟಪ್ ಟಪ್' ಎಂಬುದಲ್ಲದೆ ಮತ್ತೇನೂ ಕೇಳಿಸದು. ಬಾರಿಸುವವನ ಕಿವಿಯಲ್ಲಿ ಮಾತ್ರ ಮೇಘಗರ್ಜನೆ! ಇದಕ್ಕೆ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಎಂದು ಹೆಸರು.

ಬೇಡಿದವನು ಹದಿಮೂರು ವರ್ಷದ ನನ್ನ ಮೊಮ್ಮಗ. "ಅಜ್ಜಾ, ನೀ ಹೂಂ ಅಂದ್ರ ಅಪ್ಪ ಬ್ಯಾಡ ಅನ್ನಾಂಗಿಲ್ಲ" ಎಂದು ನನ್ನ ಮೊಣಕಾಲ ಬಳಿ ಕುಳಿತನು. ಅವನ ತಂದೆ, ಎಂದರೆ ನನ್ನ ಮಗ, ಪತ್ರಿಕೆಯಿಂದ ತಲೆಯೆತ್ತದೆ "ಬ್ಯಾಡ" ಎಂದನು. ಆ ಒಂದು ಮಾತು ನನ್ನ ಎದೆಗೆ ನಟ್ಟಿತು. ಏಕೆಂದರೆ ಅದು ನನ್ನದೇ ಮಾತು. ಹಾವೇರಿಯು ಜಿಲ್ಲೆಯಾದ ಮರುವರ್ಷ, 1998ರಲ್ಲಿ, ಇದೇ ವಯಸ್ಸಿನ ನನ್ನ ಮಗನು ಡೋಲಕ್ ಬೇಕೆಂದು ಕೇಳಿದ್ದನು. ಮಣೆ, ಕೊಡ, ಪಾಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸುತ್ತಿದ್ದ ಹುಡುಗ. ನಾನು, "ರಾಮಶಬ್ದ ಬಾರದವಗ ಡೋಲಕಿನ ಶಬ್ದ ಯಾಕ?" ಎಂದೆನು. ಮನೆಯವರೆಲ್ಲ ನಕ್ಕರು, ನನ್ನ ಶ್ಲೇಷಕ್ಕೆ ನಾನೂ ಹಿಗ್ಗಿದೆನು. ಹುಡುಗನು ಅಂದಿನಿಂದ ಕೊಡವನ್ನೂ ಮುಟ್ಟಲಿಲ್ಲ. ಡೊಳ್ಳಿನ ಸೀಮೆಯಲ್ಲಿ ಹುಟ್ಟಿ, ಪುಟ್ಟರಾಜ ಗವಾಯಿಗಳಂಥವರನ್ನು ಹಡೆದ ನೆಲದಲ್ಲಿ ಬೆಳೆದು, ನಾನು ಹಾಗೆಂದೆನಲ್ಲ!

"ನಾನು ಕೊಡಸ್ತೀನಿ" ಎಂದುಬಿಟ್ಟೆನು. ಪಿಂಚಣಿಯಲ್ಲಿ ಉಳಿಸಿದ 30,000 ರೂಪಾಯಿ ನನ್ನಲ್ಲಿತ್ತು. ನಿಜವಾದ ಡ್ರಮ್ಮುಗಳ ಮಾತೇ ಇರಲಿಲ್ಲ. ನಮ್ಮದು ಮಾಳಿಗೆಯ ಮೇಲಿನ ಬಾಡಿಗೆ ಮನೆ, ಕೆಳಗೆ ಹಾಸಿಗೆ ಹಿಡಿದ ವೃದ್ಧೆಯೊಬ್ಬರಿದ್ದಾರೆ.

ತಿಳಿಯದ ವಸ್ತುವನ್ನು ಕೊಳ್ಳುವ ಮೊದಲು ಕೊಳ್ಳುವುದನ್ನು ಬಲ್ಲವನನ್ನು ಕೇಳಬೇಕಷ್ಟೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿಯಿಟ್ಟ ನನ್ನ ಬಾಲ್ಯದ ಗೆಳೆಯನ ಬಳಿಗೆ ಹೋದೆನು. ಅವನು ಸೀನುತ್ತ ನಕ್ಕು, "ಮಾಸ್ತರ, ಬಣ್ಣ ಬೇಕಾದವ ಬ್ಯಾಡಗಿ ಕಾಯಿ ಕೊಳ್ತಾನ, ಖಾರ ಬೇಕಾದವ ಗುಂಟೂರ ಕಾಯಿ ಕೊಳ್ತಾನ. ನಿನಗ ಬೇಕಾದ್ದು ಯಾವುದು, ಅದನ್ನ ಮೊದಲ ಗಟ್ಟಿ ಮಾಡ್ಕೋ" ಎಂದನು. ಡ್ರಮ್ಮಿನ ಗಂಧವೂ ಇಲ್ಲದವನ ಈ ಮಾತೇ ನನಗೆ ಮೊದಲ ಪಾಠವಾಯಿತು. ಅಂಗಡಿಯವರು ನೂರಾರು ನಾದಗಳ ಪಟ್ಟಿಯನ್ನು ತೋರಿಸಿ ಮರುಳು ಮಾಡುತ್ತಾರೆ. ಕಲಿಯುವ ಹುಡುಗನಿಗೆ ಬೇಕಾದದ್ದು ನಾದಗಳ ಸಂಖ್ಯೆಯಲ್ಲ. ಕೈಗೂ ಕಾಲಿಗೂ ಸರಿಯಾದ ರೂಢಿ.

ಅಲ್ಲಿಂದ ರೈಲಿನಲ್ಲಿ ರಾಣೆಬೆನ್ನೂರಿಗೆ ಹೋದೆನು. ಮದುವೆಗಳ ಆರ್ಕೆಸ್ಟ್ರಾದಲ್ಲಿ ಬಾರಿಸುವ ತರುಣನೊಬ್ಬನು ತನ್ನ ಹಳೆಯ ಕಿಟ್ಟನ್ನು ಮಾರುವನೆಂದು ಕೇಳಿದ್ದೆನು. ಅವನು ನನ್ನ ಕೈಗೆ ಕೋಲು ಕೊಟ್ಟು, "ಜೋರ ಹೊಡದು ನೋಡಬ್ಯಾಡ್ರಿ ಸರ, ಮೆತ್ತಗ ಹೊಡೀರಿ. ಮೆತ್ತಗ ಹೊಡದ್ರ ಮೆತ್ತಗ ಮಾತಾಡಬೇಕು" ಎಂದನು. ಪ್ಯಾಡಿನ ಅಡಿಯಲ್ಲಿ ಪೆಟ್ಟಿನ ಕಂಪವನ್ನು ವಿದ್ಯುತ್ತಾಗಿ ಮಾಡುವ ಬಿಲ್ಲೆಯೊಂದಿರುತ್ತದೆ; ಮಾಡ್ಯೂಲೆಂಬ ಪೆಟ್ಟಿಗೆಯು ಅದರ ಬಲವನ್ನು ಅಳೆದು, ತನ್ನಲ್ಲಿ ಕೂಡಿಟ್ಟ ನಾದವನ್ನು ಅದಕ್ಕೆ ತಕ್ಕಂತೆ ಹೊರಡಿಸುತ್ತದೆ. ಈ ಅಳತೆ ಒರಟಾದರೆ ಕೈಯೂ ಒರಟಾಗುವುದು.

ಪ್ರಿಯ ವಾಚಕರೇ, ಆಗ ನನಗೆ ಸ್ವಾತಿಮುನಿಯ ಕಥೆ ನೆನಪಾಯಿತು. ಅನಧ್ಯಯನದ ದಿನ ಸರೋವರಕ್ಕೆ ಹೋದ ಆ ಮುನಿಯು, ಹಿರಿದು, ನಡುತರದ್ದು, ಕಿರಿದು ಎಂಬ ತಾವರೆಯೆಲೆಗಳ ಮೇಲೆ ಬಿದ್ದ ಮಳೆಹನಿಗಳ ಬೇರೆ ಬೇರೆ ದನಿಗಳನ್ನು ಕೇಳಿ ಪುಷ್ಕರವಾದ್ಯಗಳನ್ನು ನಿರ್ಮಿಸಿದನೆಂದು ಭರತನು ಹೇಳುತ್ತಾನೆ. ಹನಿಯ ಭೇದವನ್ನು ಎಲೆಯು ಅರಿತಂತೆ ಪೆಟ್ಟಿನ ಭೇದವನ್ನು ಪ್ಯಾಡು ಅರಿಯಬೇಕು; ಪರೀಕ್ಷೆ ಹಳೆಯದೇ.

ಆ ಕಿಟ್ಟಿನ ಒಂದು ಪ್ಯಾಡಿನ ಅಂಚು ಮೂಕವಾಗಿತ್ತು. "ಇದರ ಬಿಡಿಭಾಗ ಸಿಗಂಗಿಲ್ಲ, ಇದನ್ನ ತಗೋಬ್ಯಾಡ್ರಿ" ಎಂದು ಮಾರುವವನೇ ಹೇಳಿದನು. ಅವನ ಸತ್ಯಕ್ಕೆ ತಲೆವಾಗಿದೆನು.

ಕೊನೆಗೆ ಹುಬ್ಬಳ್ಳಿಯ ಅಂಗಡಿಯಲ್ಲಿ ಮೊಮ್ಮಗನೊಡನೆ ಅರ್ಧ ದಿನ ಕಳೆದೆನು. 1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಸಂಸ್ಥೆಯವರು ಹೊರತಂದ ಷಟ್ಕೋನದ ಪ್ಯಾಡುಗಳು ಮಣಿಕಟ್ಟು ನೋಯುವಷ್ಟು ಗಟ್ಟಿಯಾಗಿದ್ದವಂತೆ. ಜಪಾನಿನ ರೋಲ್ಯಾಂಡ್ ಸಂಸ್ಥೆಯವರು 1997ರಲ್ಲಿ ಬಲೆಯಂಥ ಜಾಲರಿಯ ಹೊದಿಕೆಯನ್ನು ತಂದರು. ಈಗ ಅಂಥ ಜಾಲರಿಯು ಅಗ್ಗದ ಕಿಟ್ಟುಗಳಿಗೂ ಇಳಿದಿದೆ. ರಬ್ಬರಿಗಿಂತ ಅದು ಕೈಗೆ ಹಿತ, ಸದ್ದೂ ಕಡಿಮೆ. ಎರಡನೆಯದಾಗಿ ಕಾಲಿನ ಪೆಡಲು: ಕೆಲವಕ್ಕೆ ಒತ್ತುವ ಗುಂಡಿ ಮಾತ್ರವಿರುತ್ತದೆ, ನಿಜವಾಗಿ ಬಡಿಯುವ ಪೆಡಲಿಲ್ಲದಿದ್ದರೆ ಕಾಲು ಕಲಿಯದು. ಮೂರನೆಯದಾಗಿ, ಚೀಟಿಯ ಬೆಲೆಯೇ ಪೂರ್ತಿ ಬೆಲೆಯಲ್ಲ. ಸ್ಟೂಲು, ಕೋಲು, ಹೆಡ್‌ಫೋನುಗಳ ಲೆಕ್ಕವೇ ಬೇರೆ. ಕಿಟ್ಟಿಗೆ 24,000, ಉಳಿದದ್ದಕ್ಕೆ 6,000 ಎಂದು ನಾನು ಮೊದಲೇ ಗೆರೆ ಎಳೆದಿದ್ದೆನು. ಸಣ್ಣ ಸ್ಪೀಕರೊಂದನ್ನು ಅಂಗಡಿಯವನು ಮುಂದೆ ಮಾಡಿದಾಗ, "ಸದ್ದಿಲ್ಲದಿರುವುದೇ ಇದರ ಗುಣ" ಎಂದು ಜಾಣತನದಿಂದ ಬಿಟ್ಟುಬಂದೆನು.

ಮನೆಯಲ್ಲಿ ಬಾರಿಸಿದ ಮೊದಲ ಸಂಜೆಯೇ ಕೆಳಗಿನ ಮನೆಯಿಂದ ಕರೆ ಬಂತು. ಕೈಯ ಸದ್ದು ಅಡಗಿದ್ದರೂ ಪೆಡಲಿನ ಗುದ್ದು ನೆಲದಲ್ಲಿಳಿದು ಅವರ ಮಂಚಕ್ಕೆ ಮುಟ್ಟುತ್ತಿತ್ತು! ರಬ್ಬರಿನ ಹಾಸು ಹಾಕಿ, ಮೇಲೆ ಹಳೆಯ ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ ಮೇಲೆ ಅದು ಸಹ್ಯವಾಯಿತು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕಳೆದ ತಿಂಗಳು ಒಂದು ರಾತ್ರಿ ನೀರು ಕುಡಿಯಲೆದ್ದಾಗ ನಡುಮನೆಯಲ್ಲಿ ಮೆಲ್ಲನೆ 'ಟಪ್ ಟಪ್' ಕೇಳಿಸಿತು. ಮೊಮ್ಮಗನನ್ನು ಗದರಿಸೋಣವೆಂದು ಇಣುಕಿದರೆ, ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ ಬಾರಿಸುತ್ತಿದ್ದವನು ನನ್ನ ಮಗ. ಬೆರಳಿನಲ್ಲಿ ಎಣಿಸಿದೆನು: ಎಂಟು ಮಾತ್ರೆಗಳ ಆವರ್ತ, ಒಂದೂ ತಪ್ಪಲಿಲ್ಲ. ಇಷ್ಟು ವರ್ಷ ಅದನ್ನು ಎಲ್ಲಿ ಇಟ್ಟುಕೊಂಡಿದ್ದನೋ! ಅವನು ಕೇಳುತ್ತಿದ್ದುದು ನನಗೆ ಕೇಳಿಸಲಿಲ್ಲ. ಬಹಳ ಹೊತ್ತು ಬಾಗಿಲ ಮರೆಯಲ್ಲಿ ನಿಂತು ಹಿಂದಿರುಗಿದೆನು.

ಮುಂದಿನ ಪಿಂಚಣಿಯಲ್ಲಿ ಆ ಸ್ಪೀಕರನ್ನು ತರಬೇಕೆಂದಿದ್ದೇನೆ, ಬೆಲೆ ವಿಚಾರಿಸಿದ್ದಾಗಿದೆ. ಕೆಳಗಿನ ತಾಯಿಯವರೂ ರವಿವಾರ ಮಧ್ಯಾಹ್ನ ಅರ್ಧ ತಾಸು ಅಡ್ಡಿಯಿಲ್ಲವೆಂದಿದ್ದಾರೆ. ಉಳಿದದ್ದು ಒಂದೇ, ನನಗೂ ಕೇಳಿಸೆಂದು ಮಗನನ್ನು ಬೇಡಿಕೊಳ್ಳುವುದು. ಯಾವ ಮಾತಿನಿಂದ ಬೇಡಬೇಕೋ ಇನ್ನೂ ತೋಚಿಲ್ಲ. ಶ್ಲೇಷವಿಲ್ಲದ ಮಾತಾಗಿರಬೇಕೆಂಬುದಷ್ಟು ಮಾತ್ರ ತಿಳಿದಿದೆ.