ಹೀಟರಿನ ಕೆಂಪು ದೀಪ

"ನಿನ್ನ ಮೀನಿಗೆ ಚಳಿ ಆಗ್ತಾ ಉಂಟು" ಎಂದು ಅಮ್ಮ ಹೇಳಿದ್ದು ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ. ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. "ಹೀಟರ್ ಇದೆಯಲ್ಲಮ್ಮ, 27 ಡಿಗ್ರಿಗೆ ಇಟ್ಟಿದ್ದೇನೆ" ಎಂದೆ. ಅವಳು ಮತ್ತೇನೂ ಹೇಳಲಿಲ್ಲ.

ಅಮ್ಮ ಮಲ್ಪೆ ಹತ್ತಿರದ ಪಡುಕೆರೆಯವಳು. ಮುಂದೆ ಕಡಲು, ಹಿಂದೆ ಹೊಳೆ. ಮೀನನ್ನು ಸಾಕುವುದೇ ಅವಳಿಗೊಂದು ತಮಾಷೆ. ಅದಕ್ಕೆ ಕರೆಂಟಿನಲ್ಲಿ ನೀರು ಬಿಸಿ ಮಾಡುತ್ತೇನೆ ಎಂದಾಗ, "ನಮ್ಮಲ್ಲಿ ಮೀನನ್ನು ಬಿಸಿ ಮಾಡುವುದು ಬೇರೆ ಕಾರಣಕ್ಕೆ" ಎಂದು ನಕ್ಕಿದ್ದಳು. ಅಪ್ಪ ತೀರಿಕೊಂಡ ಮೇಲೆ, ನವೆಂಬರಿನಲ್ಲಿ, ಅವಳನ್ನು ಬೆಂಗಳೂರಿಗೆ ಕರೆತಂದೆ. ನನ್ನ ಓದುವ ಕೋಣೆ ಅವಳದಾಯಿತು. ಅಲ್ಲಿದ್ದ ಎರಡಡಿ ಉದ್ದದ, ಸುಮಾರು 50 ಲೀಟರ್ ನೀರಿನ ತೊಟ್ಟಿಯನ್ನು ಸರಿಸುವುದು ಸುಲಭವಲ್ಲ. ಹಾಗಾಗಿ ನೀಲಿ ಬಣ್ಣದ ಫೈಟರ್ ಮೀನೂ ಅದೇ ಕೋಣೆಯಲ್ಲಿ ಉಳಿಯಿತು.

ಫೈಟರ್ ಮೀನು ಥಾಯ್ಲೆಂಡ್ ಕಡೆಯದು. ಗದ್ದೆಗಳ, ಜೌಗು ನೆಲದ ಬೆಚ್ಚಗಿನ ನಿಂತ ನೀರು ಅದರ ತವರು. ಮೀನಿಗೆ ನಮ್ಮ ಹಾಗೆ ಸ್ವಂತ ಮೈಶಾಖವಿಲ್ಲ. ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ. ನೀರು ತಣ್ಣಗಾದರೆ ತಿಂದದ್ದು ಕರಗುವುದಿಲ್ಲ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ.

ಆ ಶನಿವಾರ ಬೆಳಿಗ್ಗೆ ಸಾವಕಾಶವಾಗಿ ತೊಟ್ಟಿಯ ಮುಂದೆ ಕೂತೆ. ಮೀನು ದೂರದ ಮೂಲೆಯಲ್ಲಿ, ಕಲ್ಲಿನ ಪಕ್ಕ, ರೆಕ್ಕೆ ಮಡಚಿಕೊಂಡು ತಳ ಹಿಡಿದಿತ್ತು. ಕಾಳು ಹಾಕಿದರೆ ನೋಡಲೂ ಇಲ್ಲ. ಗಾಜಿನ ಹೊರಗೆ ಅಂಟಿಸಿದ್ದ ಪಟ್ಟಿ 25 ಎನ್ನುತ್ತಿತ್ತು. ಆ ಪಟ್ಟಿ ಕೋಣೆಯ ಗಾಳಿಗೂ ಅಷ್ಟಿಷ್ಟು ಬಾಗುತ್ತದೆ, ಪೂರ್ತಿ ನಂಬುವ ಹಾಗಿಲ್ಲ. ಹೀಟರಿನ ಕೆಂಪು ದೀಪ ಆರಿತ್ತು. ಅಂದರೆ, ಹೀಟರಿನ ಲೆಕ್ಕದಲ್ಲಿ ನೀರು 27 ಮುಟ್ಟಿದೆ, ಕೆಲಸ ಮುಗಿದಿದೆ.

ಹೀಟರ್ ಕೆಟ್ಟಿದೆ ಎಂದೇ ಅಂದುಕೊಂಡೆ. ಪ್ಲಗ್ ತೆಗೆದು ಕಾಲು ಗಂಟೆ ಕಾದೆ. ಬಿಸಿ ಗಾಜನ್ನು ತಟ್ಟನೆ ಹೊರಗೆಳೆದರೆ ಒಡೆಯಬಹುದು. ಕರೆಂಟ್ ಇರುವಾಗ ನೀರಿಗೆ ಕೈ ಹಾಕುವುದಂತೂ ಬೇಡವೇ ಬೇಡ. ಬಕೆಟ್ಟಿನಲ್ಲಿ 10 ಲೀಟರ್ ನೀರು ಹಿಡಿದು ಹೀಟರನ್ನು ಅದರಲ್ಲಿಳಿಸಿ, ಅಂಗಡಿಯಿಂದ ತಂದ ಗಾಜಿನ ಥರ್ಮಾಮೀಟರ್ ಇಟ್ಟೆ. ಒಂದು ಗಂಟೆಯಲ್ಲಿ ನೀರು 21ರಿಂದ 24ಕ್ಕೆ ಏರಿತು. 50 ವ್ಯಾಟಿನ ಹೀಟರಿಗೆ ಇದು ಸರಿಯಾದ ಲೆಕ್ಕವೇ. ಅದೇ ಹೀಟರ್ 50 ಲೀಟರನ್ನು ಒಂದು ಡಿಗ್ರಿ ಏರಿಸಲು, ಶಾಖ ಒಂದಿಷ್ಟೂ ಸೋರದಿದ್ದರೂ, 70 ನಿಮಿಷ ಬೇಕು. ನಿಧಾನ, ಆದರೆ ಕೆಟ್ಟಿಲ್ಲ.

ಹೀಟರನ್ನು ವಾಪಸ್ ಹಾಕಿದೆ. ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ಥರ್ಮಾಮೀಟರನ್ನು ತೊಟ್ಟಿಯೊಳಗೆ ಬೇರೆ ಬೇರೆ ಕಡೆ ಹಿಡಿದು ನೋಡಿದೆ. ಹೀಟರಿನ ಪಕ್ಕದಲ್ಲಿ 27. ಮೀನು ಕೂತಿದ್ದ ಮೂಲೆಯ ತಳದಲ್ಲಿ 23.

ಆಗ ಅರ್ಥವಾಯಿತು. ಹೀಟರಿನೊಳಗಿನ ಥರ್ಮೋಸ್ಟಾಟ್ ಅಳೆಯುವುದು ತನ್ನ ಮೈ ಸುತ್ತಲಿನ ನೀರನ್ನು ಮಾತ್ರ. ತಾನಿರುವ ಕಡೆ ಬೆಚ್ಚಗಾದರೆ ತೊಟ್ಟಿಯೆಲ್ಲ ಬೆಚ್ಚಗಾಯಿತೆಂದು ತಿಳಿದು ಆರಿಬಿಡುತ್ತದೆ. ಬಿಸಿ ನೀರು ಮೇಲೇರಿ ಅಲ್ಲೇ ನಿಲ್ಲುತ್ತದೆ, ತಣ್ಣೀರು ತಳದಲ್ಲಿ. ಎರಡೂ ಬೆರೆಯಬೇಕಾದರೆ ನೀರು ಓಡಾಡುತ್ತಿರಬೇಕು. ಓಡಾಡಿಸುವ ಗಾಳಿ ಪಂಪನ್ನು ದಿನಾ ರಾತ್ರಿ ಹತ್ತಕ್ಕೆ ನಿಲ್ಲಿಸುತ್ತಿದ್ದವನು ನಾನೇ. ಸ್ಪಂಜಿನ ಫಿಲ್ಟರಿನಿಂದ ಗುಳ್ಳೆ ಏಳುವ ಗುಳುಗುಳು ಸದ್ದಿಗೆ ಅಮ್ಮನ ನಿದ್ದೆ ಕೆಡಬಾರದು ಎಂದು. ಫೈಟರ್ ಮೀನು ಮೇಲೆ ಬಂದು ನೇರ ಗಾಳಿಯನ್ನೇ ಉಸಿರಾಡಬಲ್ಲದು, ಪಂಪ್ ನಿಂತರೆ ಉಸಿರುಕಟ್ಟುವುದಿಲ್ಲ ಎಂಬ ಧೈರ್ಯ ಬೇರೆ. ಬೆಳಿಗ್ಗೆ ಹೊರಡುವಾಗ ಮತ್ತೆ ಹಾಕುತ್ತಿದ್ದೆ. ಸಂಜೆ ನಾನು ಬಂದು ನೋಡುವ ಹೊತ್ತಿಗೆ ನೀರು ಬೆರೆತು ಎಲ್ಲ ಸರಿಯಾಗಿರುತ್ತಿತ್ತು. ಬೆಳಗಿನ ಜಾವ ಎದ್ದು ಮೀನನ್ನು ನೋಡುತ್ತಿದ್ದವಳು ಅಮ್ಮ.

ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದ ಹೀಟರನ್ನು ತಳದ ಹತ್ತಿರ ಅಡ್ಡಲಾಗಿ, ಫಿಲ್ಟರಿನ ಪಕ್ಕಕ್ಕೆ ತಂದೆ. ಪೂರ್ತಿ ಮುಳುಗಿಸಬಹುದಾದ ಹೀಟರ್ ಆದ್ದರಿಂದ ತೊಂದರೆಯಿರಲಿಲ್ಲ. ಮೇಲೆ ಗಾಜಿನ ಮುಚ್ಚಳ ಇಟ್ಟೆ, ಗಾಳಿಗೆ ಒಂದಿಷ್ಟು ಸಂದು ಬಿಟ್ಟು. ಮುಚ್ಚಳವಿಲ್ಲದ ತೊಟ್ಟಿ ಆವಿಯಲ್ಲೇ ಬೇಕಾದಷ್ಟು ಶಾಖ ಕಳೆದುಕೊಳ್ಳುತ್ತದೆ. ಮೀನಿಗೆ ಒಮ್ಮೆಲೇ ಹೆಚ್ಚು ಬಿಸಿ ತಾಗದಂತೆ ತಿರುಪನ್ನು 24ಕ್ಕೆ ಇಳಿಸಿ, ದಿನಕ್ಕೊಂದು ಡಿಗ್ರಿಯಂತೆ ಏರಿಸುತ್ತ ಬಂದೆ.

ಆ ರಾತ್ರಿ ಅಮ್ಮನಿಗೆ ಅಳುಕುತ್ತಲೇ ಹೇಳಿದೆ: "ಇನ್ನು ಪಂಪ್ ರಾತ್ರಿಯೂ ಓಡಬೇಕಮ್ಮ. ಸದ್ದಾಗುತ್ತದೆ."

"ಓಡಲಿ. ನೀರಿನ ಸದ್ದು ಇದ್ದರೇ ನಿದ್ದೆ ಬರುವುದು ನಂಗೆ. ಇಲ್ಲಿ ರಾತ್ರಿ ಭಾರೀ ಮೌನ."

ಅರವತ್ತು ವರ್ಷ ಕಡಲ ಮೊರೆತ ಕೇಳುತ್ತ ಮಲಗಿದವಳು. "ಮೊದಲೇ ಹೇಳಬಾರದಿತ್ತಾ?" ಎಂದೆ.

"ಕರೆಂಟ್ ಬಿಲ್ಲು ಜಾಸ್ತಿ ಬರ್ತದೆ ಅಂತ ಬಂದ್ ಮಾಡ್ತಿ ಅಂದ್ಕೊಂಡೆ. ನೀನೂ ಕೇಳಲಿಲ್ಲ."

ನಾಲ್ಕನೆಯ ದಿನ ಮೀನು ಮೇಲೆ ಬಂದು ಎರಡು ಕಾಳು ತಿಂದಿತು. ಆಫೀಸಿನಲ್ಲಿದ್ದ ನನಗೆ ಅಮ್ಮ ಫೋನ್ ಮಾಡಿ ಹೇಳಿದಳು. ಥರ್ಮಾಮೀಟರನ್ನು ಈಗ ಹೀಟರಿನಿಂದ ಅತಿ ದೂರದ ಮೂಲೆಯಲ್ಲೇ ನಿಲ್ಲಿಸಿದ್ದೇನೆ.

ರಾತ್ರಿ ಮಲಗುವ ಮುನ್ನ ಇನ್ನೊಂದು ಕಂಬಳಿ ಬೇಕಾ ಎಂದು ಅಮ್ಮನನ್ನು ಕೇಳುತ್ತೇನೆ. ಬೇಡ ಎನ್ನುತ್ತಾಳೆ. ಪಾದ ಮುಟ್ಟಿ ನೋಡಿ ಹೊದಿಸುತ್ತೇನೆ.