ಮೈಲುತುತ್ತದೊಳಗಿನ ನೀರು

ಲಕ್ಕವಳ್ಳಿಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗದ ಭಯ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿ ಅಪ್ಪ ಬೋರ್ಡೋ ದ್ರಾವಣ ಮಾಡುತ್ತಿದ್ದರು.

ಪಿಯುಸಿಯಲ್ಲಿ ಅದೇ ನೀಲಿ ಹರಳನ್ನು 2.5 ಗ್ರಾಂ ತೂಗಿ ಕಾಯಿಸಿದೆ. ಬೆಳ್ಳಗಾಯಿತು, ಆದರೆ ತೂಕ 1.8. ಪುಸ್ತಕದ ಲೆಕ್ಕ 1.6. ಅದನ್ನೇ ಬರೆದುಬಿಡೋಣವೆನಿಸಿತು. "ತೂಕ ಇಳಿಯುವುದು ನಿಲ್ಲುವವರೆಗೂ ಕಾಯಿಸಮ್ಮ" ಎಂದರು ಮೇಡಂ. ಮತ್ತೆ ಮತ್ತೆ ಕಾಯಿಸಿ ತೂಗಿದಾಗ 1.6ಕ್ಕೆ ನಿಂತಿತು. ಹೋದದ್ದು 0.9 ಗ್ರಾಂ ನೀರು, ನೂರಕ್ಕೆ 36.

ಆಗ ಮನೆಯಲ್ಲಿ ನನ್ನ ಮದುವೆಯ ಮಾತು. ರಾತ್ರಿ ಅಪ್ಪನಿಗೆ ಹೇಳಿದೆ, "ಕಿಲೋ ಮೈಲುತುತ್ತದಲ್ಲಿ 360 ಗ್ರಾಂ ನೀರೇ." "ಒಣ ಹರಳಲ್ಲಿ ನೀರೇ?" ಎಂದು ನಕ್ಕರು. ಉಪ್ಪು 160, ಐದು ನೀರಿನ ಅಣು 90, ಒಟ್ಟು 250 ಎಂದು ಬರೆದು ತೋರಿಸಿದೆ. ಬಹಳ ಹೊತ್ತು ಹಾಳೆ ನೋಡಿ, "ಡಿಗ್ರಿಗೆ ಎಷ್ಟು ವರ್ಷ?" ಎಂದರು.