ಬಾಣದ ಮೌನಕಾಲ

ದೀಪಾವಳಿಯ ಬಾಣವನ್ನು ಹಾರಿಸುವವರು ಅದು ಏರುವುದನ್ನಷ್ಟೇ ನೋಡುವರು; ಇಳಿಯುವಾಗ ಅದರ ಗತಿಯೇನೆಂದು ಕೇಳುವವರು ವಿರಳ. ನಮ್ಮ ಮುಧೋಳದ ಕಬ್ಬಿನ ಹೊಲದವರು ಮಾತ್ರ ಕೇಳುವರು. ಒಣಗಿದ ರವದಿಗೆ ಒಂದು ಕಿಡಿ ಸಾಕಷ್ಟೆ. ಹೈದರ-ಟಿಪ್ಪುಗಳ ಕಾಲದ ಕಬ್ಬಿಣದ ಬಾಣಗಳಿಗೂ ಮರಳುವ ಚಿಂತೆಯಿರಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಿಂದ ಅಂಥವನ್ನು 1000ಕ್ಕೂ ಮಿಕ್ಕಿ ಮೇಲೆತ್ತಿದರು. ಅವೆಲ್ಲವೂ ಹೋಗುವುದಕ್ಕಾಗಿಯೇ ಹುಟ್ಟಿದವು.

ಅಮೇರಿಕೆಯಲ್ಲಿ ಓದುತ್ತಿರುವ ನಮ್ಮ ಮೊಮ್ಮಗನು ವಿನೋದಕ್ಕಾಗಿ ಹಾರಿಸುವ ಬಾಣವು ಬೇರೆ ಜಾತಿಯದು. ಅದು ಮರಳಿ ಬರಬೇಕು. ನೂಕುವ ಮದ್ದು ಉರಿದು ತೀರಿದ ಮೇಲೂ ಬಾಣವು ತನ್ನ ವೇಗದಿಂದಲೇ ಏರುತ್ತಿರುವುದು. ಆಗ ಅದರೊಳಗೆ ಬೇರೊಂದು ಮದ್ದಿನ ತುಂಡು ಮೆಲ್ಲನೆ ಉರಿಯುತ್ತ ಹೋಗಿ, ಕಡೆಗೆ ಒಂದು ಚಿಟಿಕೆ ಸಿಡಿಮದ್ದಿಗೆ ಕಿಡಿ ತಾಗಿಸುವುದು. ಮೂತಿ ಕಳಚಿ ಪ್ಯಾರಾಶೂಟು ಎಂಬ ಅರಿವೆಯ ಕೊಡೆ ಹೊರಬೀಳುವುದು. ಈ ನಡುವಣ ಮೌನಕಾಲವು ಬಾಣದ ತುದಿಯೇರಿಕೆಗೆ ಸರಿಹೊಂದಬೇಕು. ಬೇಗನೆ ಬಿಚ್ಚಿದರೂ ತಡವಾಗಿ ಬಿಚ್ಚಿದರೂ ವೇಗಕ್ಕೆ ಅರಿವೆ ಹರಿಯುವುದು. ತಡವಾದುದೇ ಹೆಚ್ಚು ಭಯಂಕರವೆಂದು ನನ್ನ ಮತ. ಆಗ ಮೂತಿಯು ನೆಲದ ಕಡೆಗಿರುವುದು, ನೆಲದ ಮೇಲೆ ಮನುಷ್ಯರಿರುವರು.

ಹೋದ ತಿಂಗಳು ಆತನು ತನ್ನ ಬಾಣದ ಚಲಚ್ಚಿತ್ರವನ್ನು ಫೋನಿನಲ್ಲಿ ಕಳುಹಿದನು. ಪಾಠಶಾಲೆಯಲ್ಲಿ ಕಲಿತವನಿಗೆ ಗಡಿಯಾರವೇಕೆ? ಆರ್ಯಭಟೀಯದ ಮಾನದಲ್ಲಿ 60 ಗುರ್ವಕ್ಷರಗಳಿಗೆ ಒಂದು ವಿನಾಡಿಕೆ, ಎಂದರೆ 24 ಸೆಕೆಂಡು; ಹತ್ತು ಗುರುಗಳಿಗೆ ನಾಲ್ಕು. ಹೊಗೆ ನಿಂತೊಡನೆ ಎಣಿಸತೊಡಗಿದೆನು. ಹದಿನೈದಕ್ಕೆ ಬಾಣವು ತುದಿ ಮುಟ್ಟಿ ಬಾಗಿತು. ಇಪ್ಪತ್ತೈದಕ್ಕೆ ಕೊಡೆ ಬಿಚ್ಚಿತು, ಬಿಚ್ಚಿದೊಡನೆ ಹರಿಯಿತು. ಬಾಣವು ಹುಡುಗರು ನಿಂತಲ್ಲಿಂದ ಕೆಲವೇ ಮಾರು ದೂರದಲ್ಲಿ ನೆಲದಲ್ಲಿ ನಾಟಿಕೊಂಡಿತು. ನಾಲ್ಕು ಸೆಕೆಂಡಿನ ತಡವೆಂದರೆ ಅಲ್ಪವಲ್ಲ. ನೆಲದ ಸೆಳೆತವು ಸೆಕೆಂಡಿಗೆ ಸುಮಾರು 10 ಮೀಟರಿನಂತೆ ವೇಗವನ್ನು ಕೂಡಿಸುತ್ತಲೇ ಇರುವುದು.

"ಈ ಸಲ ಒಳಗ ಏನರೆ ಹೊಸಾದ್ ಇಟ್ಟಿದ್ದಿ ಏನಪಾ?" ಎಂದು ಕೇಳಿದೆನು. "ಸಣ್ಣ ಕ್ಯಾಮೆರಾ ಇಟ್ಟಿದ್ದೆ ಅಜ್ಜಾ," ಎಂದನು. ಭಾರ ಹೆಚ್ಚಿದುದರಿಂದ ವೇಗ ತಗ್ಗಿ ತುದಿಯು ಬೇಗ ಬಂದಿತು. ಮದ್ದಿನ ತುಂಡಾದರೋ ಹಳೆಯ ಲೆಕ್ಕದಂತೆಯೇ ಹತ್ತು ಸೆಕೆಂಡು ಉರಿಯಿತು.

ಆ ತುಂಡನ್ನು ಮೋಟಾರಿನಲ್ಲಿ ಕೂಡಿಸುವ ಮೊದಲು ಸಣ್ಣ ಬೈರಿಗೆಯಂಥ ಸಾಧನದಿಂದ ಕೈಯಲ್ಲಿಯೇ ಕೊರೆದು ಕಾಲವನ್ನು ಕಡಮೆ ಮಾಡುವರು. ಒಂದು ಸೆಕೆಂಡಿಗೆ ಮುಕ್ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಕೊರೆದುದನ್ನು ಮರಳಿ ತುಂಬಲಾಗದು. ಅತಿಯಾದರೆ ಹೊಸ ತುಂಡೇ ಬೇಕು. ಇನ್ನು ಮುಂದೆ ಬಾಣವನ್ನು ತಕ್ಕಡಿಯಲ್ಲಿಟ್ಟು ತೂಗಿದ ಬಳಿಕವೇ ಬೈರಿಗೆ ಹಿಡಿಯುವುದಾಗಿ ಹುಡುಗನು ಬರೆದಿರುವನು. ಬರುವ ಭಾನುವಾರ ಗಾಳಿಯಿಲ್ಲದಿದ್ದರೆ ಹಾರಿಸುವನಂತೆ. ನೋಡಬರುವ ಹುಡುಗರನ್ನು ಇನ್ನೂ ದೂರ ನಿಲ್ಲಿಸೆಂದು ತಿಳಿಸಿದ್ದೇನೆ.